ಖಾಲಿ ಬಿಡದ ಭಾಷೆ

ಗೊತ್ತಿಲ್ಲ ಎಂದು ಹೇಳುವುದನ್ನು ಯಂತ್ರಗಳು ಬಿಟ್ಟು ಆಗಲೇ ಆರು ವರ್ಷವಾಗಿತ್ತು. ಜನ ಅದನ್ನು ಪ್ರಗತಿ ಎಂದರು. ಕಾಳಮ್ಮ ಬಡಿಗೇರ ಮಾತ್ರ ಅದಕ್ಕೆ ಬೇರೊಂದು ಹೆಸರಿಟ್ಟಿದ್ದಳು. ಕಚೇರಿಯಲ್ಲಿ ಬಾಯಿಬಿಟ್ಟು ಹೇಳುವಂಥ ಹೆಸರಲ್ಲ ಅದು.

ಮೂರುಹೊಳೆ ನೀರು ನಿಗಮದ ಕಂಪ್ಯೂಟರ್ ವಿಭಾಗದಲ್ಲಿ ಅವಳದು ಇಪ್ಪತ್ತೆಂಟು ವರ್ಷದ ಸೇವೆ. ವಿಭಾಗವೆಂದರೆ ಅವಳು, ಎರಡು ಮೇಜು, ಕೆಟ್ಟುನಿಂತ ಒಂದು ಏಸಿ. ನಾಗರಗಟ್ಟಿಯ ಪಂಪ್‌ಹೌಸಿನಲ್ಲಿ ಹೊಳೆಯ ನೀರಿಗೆ ಎಷ್ಟು ಕ್ಲೋರಿನ್ ಬೆರೆಸಬೇಕೆಂದು ಲೆಕ್ಕಹಾಕಿ ಬೆರೆಸುವ ಪ್ರೋಗ್ರಾಮನ್ನು ಇಪ್ಪತ್ತೆರಡು ವರ್ಷದ ಹಿಂದೆ ಬರೆದವಳು ಅವಳೇ. ಅಲ್ಲಿ ಇಂಟರ್‌ನೆಟ್ ಬಂದರೆ ಬಂತು, ಹೋದರೆ ಹೋಯಿತು. ಹಾಗಾಗಿ ಪ್ರೋಗ್ರಾಮ್ ಪಂಪ್‌ಹೌಸಿನ ಮೇಜಿನ ಮೇಲಿದ್ದ ಕಂಪ್ಯೂಟರಿನೊಳಗೇ ಕೂತು, ಹೊರಗಿನ ಯಾರ ಹಂಗೂ ಇಲ್ಲದೆ ಕೆಲಸ ಮಾಡಬೇಕಿತ್ತು.

ಅದನ್ನು ಬರೆದ ಹಳೆಯ ಭಾಷೆ ಬಲು ಕಟ್ಟುನಿಟ್ಟಿನದು. ಬರಬೇಕಾದ ಅಂಕಿ ಬಾರದೇ ಹೋದರೆ ಏನು ಮಾಡಬೇಕೆಂದು ಬರೆಯುವವರು ಮೊದಲೇ ಹೇಳಿರಬೇಕು. ಹೇಳದಿದ್ದರೆ ಪ್ರೋಗ್ರಾಮ್ ತಯಾರೇ ಆಗುತ್ತಿರಲಿಲ್ಲ. ಕಾಳಮ್ಮ ಹೇಳಿದ್ದಳು: ಅಂಕಿ ಬಾರದಿದ್ದರೆ ನಿಲ್ಲು, ಪರದೆ ಕೆಂಪು ಮಾಡು, ಸೈರನ್ ಹೊಡಿ, ಮನುಷ್ಯರು ಬಂದು ನೋಡುವವರೆಗೂ ಸುಮ್ಮನಾಗಬೇಡ. ಅದು ತಿಂಗಳಿಗೆ ಮೂರು ನಾಲ್ಕು ಸಲ ಚಾಚೂ ತಪ್ಪದೆ ಹಾಗೆಯೇ ಮಾಡುತ್ತಿತ್ತು. ಪಂಪ್‌ಹೌಸಿನವರು ಅದನ್ನು ‘ಜಗಳಗಂಟಿ’ ಎಂದು ಕರೆಯುತ್ತಿದ್ದರು. ಬರೆದವಳನ್ನು ನೋಡಿಯೇ ಆ ಹೆಸರಿಟ್ಟದ್ದು ಎಂದು ಕಾಳಮ್ಮನಿಗೆ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಈಗ ಆ ಕಂಪ್ಯೂಟರಿಗೆ ವಯಸ್ಸಾಗಿತ್ತು. ಹೊಸದು ಬರುವುದಿತ್ತು, ಹೊಸದಕ್ಕೆ ಹೊಸ ಪ್ರೋಗ್ರಾಮ್ ಬೇಕಿತ್ತು. ಅದನ್ನು ಯಾವ ಭಾಷೆಯಲ್ಲಿ ಬರೆಯಬೇಕೆಂದು ತೀರ್ಮಾನಿಸಲು ಕಾಳಮ್ಮನೂ ಸೇರಿ ಐದು ಜನರ ಸಮಿತಿ ಕೂತಿತು. ಸಮಿತಿ ಎಂಬುದೆಲ್ಲ ನೆಪ. ನಾಡಿನ ತುಂಬ ಆಗ ಒಂದೇ ಭಾಷೆಯ ಮೆರೆದಾಟ, ಅದರ ಹೆಸರು ‘ಸಲೀಸು’. ಬೇಕಾದ ಗುಂಡಿ, ಪಟ್ಟಿ, ಅಂಕಿಗಳನ್ನು ಪರದೆಯ ಮೇಲೆ ಎಳೆದಿಟ್ಟರೆ ಅರ್ಧ ದಿನದಲ್ಲಿ ಪ್ರೋಗ್ರಾಮ್ ಸಿದ್ಧ. ಅದಕ್ಕಿಂತ ದೊಡ್ಡ ಆಕರ್ಷಣೆಯೆಂದರೆ ಸಲೀಸಿನಲ್ಲಿ ಬರೆದದ್ದು ಎಂದೂ ನಿಲ್ಲುತ್ತಿರಲಿಲ್ಲ. ಒಂದು ಅಂಕಿ ಬಾರದಿದ್ದರೆ ನಿನ್ನೆಯದನ್ನು ನೋಡುತ್ತಿತ್ತು, ಅಕ್ಕಪಕ್ಕದ್ದನ್ನು ನೋಡುತ್ತಿತ್ತು, ಇಂಥ ಕಡೆ ಸಾಮಾನ್ಯವಾಗಿ ಎಷ್ಟಿರುತ್ತದೋ ಅಷ್ಟನ್ನು ತಾನೇ ತುಂಬಿಕೊಂಡು ಮುಂದೆ ಸಾಗುತ್ತಿತ್ತು. ತುಂಬಿದ್ದು ಯಾವುದು, ನಿಜವಾಗಿ ಅಳೆದು ಬಂದದ್ದು ಯಾವುದು ಎಂಬ ಗುರುತನ್ನೂ ಇಡುತ್ತಿರಲಿಲ್ಲ. ಗುರುತಿಟ್ಟರೆ ವೇಗ ಕಡಿಮೆಯಾಗುತ್ತದಂತೆ.

ಸಮಿತಿಯ ಅಧ್ಯಕ್ಷರು ಅಧೀಕ್ಷಕ ಎಂಜಿನಿಯರ್ ಗುರುಪಾದ ಅಂಗಡಿ. ಎಂದೂ ದನಿ ಎತ್ತದ, ಎಲ್ಲರಿಗೂ ತಾವೇ ಚಹಾ ಹೇಳುವ ಮನುಷ್ಯ. ಇಂಥವರ ಜೊತೆ ಜಗಳವಾಡುವುದು ಬಲು ಕಷ್ಟ. ಎರಡೂ ಭಾಷೆಯ ಪ್ರೋಗ್ರಾಮುಗಳನ್ನು ಪಕ್ಕಪಕ್ಕ ಓಡಿಸಿ ತೋರಿಸಿ ಎಂದರು. ಎರಡೂ ಓಡುತ್ತಿದ್ದಾಗ ತಾವೇ ಎದ್ದುಹೋಗಿ, ತಮಾಷೆಗೆಂಬಂತೆ, ನೀರಿನ ಕ್ಲೋರಿನ್ ಅಳೆಯುವ ಸೆನ್ಸರಿನ ವೈರುಗಳನ್ನು ಕಿತ್ತರು. ಸಲೀಸಿನ ಪರದೆ ಹಸಿರಾಗಿಯೇ ಇತ್ತು. ಕ್ಲೋರಿನ್ ಪಾಯಿಂಟ್ ಐದು, ಎಲ್ಲ ಸರಿಯಾಗಿದೆ ಎಂದಿತು. ಜಗಳಗಂಟಿ ಮಾತ್ರ ಕೆಂಪಗಾಗಿ ಸೈರನ್ ಹೊಡೆದ ರಭಸಕ್ಕೆ ಲೆಕ್ಕಾಧಿಕಾರಿಯ ಕೈಯಲ್ಲಿದ್ದ ಚಹಾ ತೊಡೆಯ ಮೇಲೆ ಚೆಲ್ಲಿತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕಾಳಮ್ಮನಿಗೆ ಸಿಟ್ಟು ನೆತ್ತಿಗೇರಿತು. “ವೈರ್ ಕಿತ್ತವರು ನೀವ್ರಿ ಸಾಹೇಬ್ರ. ನೀರಿನ ಸುದ್ದಿ ನನಗ ಗೊತ್ತಾಗವಲ್ದು ಅಂತ ಇದು ಖರೇ ಹೇಳಾಕತ್ತೈತಿ. ಅದು ಸುಳ್ಳು ಹೇಳಾಕತ್ತೈತಿ.”

“ಖರೇ ಹೇಳಬ್ಯಾಡ ಅಂದಿಲ್ಲ್ರಿ ಕಾಳಮ್ಮಾರ,” ಎಂದರು ಅಂಗಡಿ ಸಾಹೇಬರು, ಅದೇ ತಣ್ಣನೆಯ ದನಿಯಲ್ಲಿ. “ಒದರಬ್ಯಾಡ ಅಂತೇನಿ, ಅಷ್ಟ.”

ಉಳಿದವರು ತಲೆದೂಗಿದರು. ಕಾಳಮ್ಮ ಎರಡು ಪುಟದ ವಿರೋಧ ಬರೆದು ಕಡತಕ್ಕೆ ಸೇರಿಸಿದಳು. ಕಡತ ಮೂರು ಸಲ ವಾಪಸು ಬಂತು. ತೀರ್ಮಾನ ಒಮ್ಮತದ್ದಾಗಿರಬೇಕು, ಇಲ್ಲದಿದ್ದರೆ ಈ ವರ್ಷ ಹೊಸ ಕಂಪ್ಯೂಟರೇ ಬರುವುದಿಲ್ಲ, ಹಳೆಯದು ಮಳೆಗಾಲದ ನಡುವೆ ಸತ್ತರೆ ಹೊಣೆ ಯಾರದು ಎಂದು ಪ್ರತಿ ಸಲವೂ ಕೇಳಲಾಗಿತ್ತು. ನಾಲ್ಕನೇ ಸಲ ಅವಳು ತನ್ನ ಎರಡು ಪುಟಗಳನ್ನು ತಾನೇ ಕಿತ್ತು, ‘ಸಮ್ಮತಿ’ ಎಂದು ಬರೆದು ಸಹಿ ಹಾಕಿದಳು. ಅವತ್ತು ಡಬ್ಬಿಯ ರೊಟ್ಟಿಯನ್ನು ಹಾಗೇ ಮನೆಗೆ ವಾಪಸು ಒಯ್ದಳು.

ಮನೆಯಲ್ಲೂ ಅವಳ ಕಡೆ ಯಾರೂ ಇರಲಿಲ್ಲ. ಗಂಡ ಮೋನಪ್ಪ ಬಾಗಿಲು ಕಿಟಕಿ ಮಾಡುವವನು. ಉಳಿ ಹಿಡಿದು ಹಿಡಿದು ಅವನ ಹೆಬ್ಬೆರಳಿನ ಗೆರೆಗಳೆಲ್ಲ ಸವೆದುಹೋಗಿದ್ದವು. ಮೊದಲೆಲ್ಲ ರೇಷನ್ ಅಂಗಡಿಯ ಯಂತ್ರ ಅವನ ಬೆರಳನ್ನು ಒಪ್ಪದೆ ಮೂರು ಮೂರು ಸಲ ತಿರುಗಾಡಿಸುತ್ತಿತ್ತು. ಸಲೀಸು ಬಂದ ಮೇಲೆ ಆ ಕಾಟವೇ ತಪ್ಪಿತು. ಬೆರಳು ಓದಲಾಗದಿದ್ದರೆ ಈ ಹೊತ್ತಿಗೆ ಇಲ್ಲಿಗೆ ಯಾರು ಬರುತ್ತಾರೆಂದು ತಾನೇ ಊಹಿಸಿ ಅಕ್ಕಿ ಕೊಡುತ್ತಿತ್ತು. ಒಮ್ಮೆ ಅವನನ್ನು ಪಕ್ಕದ ಓಣಿಯ ಕುಂಬಾರ ಹನುಮಂತನೆಂದು ತಿಳಿದು ಹನುಮಂತನ ಪಾಲನ್ನೂ ಕೊಟ್ಟುಬಿಟ್ಟಿತ್ತು. ಮೋನಪ್ಪ ನಗುತ್ತಲೇ ಹೋಗಿ ಹಿಂತಿರುಗಿಸಿ ಬಂದ. ಎದುರುಮನೆಯ ಹುಡುಗಿ ಜ್ವರ ಬಂದು ಗಣಿತದ ಪರೀಕ್ಷೆಗೇ ಹೋಗಿರಲಿಲ್ಲ. ಅವಳಿಗೂ ಅರವತ್ತೆರಡು ಅಂಕ ಬಂದಿತ್ತು. ಮನೆಯವರು ಓಣಿಗೆಲ್ಲ ಪೇಢೆ ಹಂಚಿದರು. ಕಾಳಮ್ಮ ಪೇಢೆ ಮುಟ್ಟಲಿಲ್ಲ, ಎದುರುಮನೆಯವರು ಒಂದು ತಿಂಗಳು ಮಾತು ಬಿಟ್ಟರು.

ಮಗಳು ಮಧುಮತಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಆರು ತಿಂಗಳು ತುಂಬಿತ್ತು. ತಾಯಿಯ ಸಿಡುಕು ಅವಳಿಗೆ ನಗೆಯ ವಿಷಯ. ಅವ್ವನಿಗೂ ಅವ್ವನ ಪ್ರೋಗ್ರಾಮಿಗೂ ಮೂಗಿನ ತುದಿಯಲ್ಲೇ ಸಿಟ್ಟು ಎಂದು ರೇಗಿಸುತ್ತ, ನಲ್ಲಿಯ ಕೆಳಗೆ ತಂಬಿಗೆ ಹಿಡಿದು ಗಟಗಟ ನೀರು ಕುಡಿಯುತ್ತಿದ್ದಳು. ಕಾಯಿಸಿ ಕುಡಿ ಎಂದು ಕಾಳಮ್ಮ ಹೇಳಲಿಲ್ಲ. ಈ ಊರಿನ ನೀರನ್ನು ಇಪ್ಪತ್ತೆರಡು ವರ್ಷ ತಾನೇ ಕಾದವಳು, ಅದರ ಮೇಲೆ ಅವಳಿಗೆ ಅಷ್ಟು ಭರವಸೆ.

ಜೂನ್ ಮೊದಲ ವಾರ ಪಂಪ್‌ಹೌಸಿಗೆ ಹೊಸ ಕಂಪ್ಯೂಟರ್ ಬಂತು, ಸಲೀಸು ಬಂತು, ಸೈರನ್ ಹೋಯಿತು. ಮೂರನೇ ವಾರ ಹೊಳೆಗೆ ಕೆಂಪು ನೀರು ಬಂತು. ಜುಲೈ ಕೊನೆಗೆ ಒಂದು ಬೆಳಿಗ್ಗೆ, ಹಿತ್ತಲಿನ ಬೆಳಕಿನಲ್ಲಿ ತಲೆ ಬಾಚಿಕೊಳ್ಳುತ್ತ ಕೂತಿದ್ದ ಮಗಳ ಕಣ್ಣು ಹಳದಿಯಾಗಿದ್ದನ್ನು ಕಾಳಮ್ಮ ಕಂಡಳು.

ಆಸ್ಪತ್ರೆಯ ಡಾಕ್ಟರಮ್ಮ ಕಾಮಾಲೆ ಎಂದಳು. ಬೇರೆಯವರಿಗೆ ಬಂದು ಹೋಗುವ ಈ ಕಾಮಾಲೆ ಬಸುರಿಯರ ಜೀವಕ್ಕೇ ಬರುತ್ತದೆ ಎಂದೂ ಹೇಳಿದಳು. ಆಮೇಲೆ ಯಾವ ನೀರು ಕುಡಿಯುತ್ತೀರಿ ಎಂದು ಕೇಳಿದಳು. ನಲ್ಲಿ ನೀರು, ಅದು ಚೆನ್ನಾಗಿದೆ, ಇವತ್ತು ಬೆಳಗಿನ ಅಂಕಿಯೂ ಪಾಯಿಂಟ್ ಐದು ಇದೆ ಎಂದು ಕಾಳಮ್ಮ ಎದೆಯುಬ್ಬಿಸಿ ಹೇಳಿದಳು. ಡಾಕ್ಟರಮ್ಮ ವಾರ್ಡಿನ ಕಡೆ ಕೈ ತೋರಿಸಿದಳು. ಅಲ್ಲಿ ಇನ್ನೂ ನಾಲ್ವರು ಬಸುರಿಯರು ಮಲಗಿದ್ದರು, ನಾಲ್ವರೂ ಅವಳದೇ ಊರು ನಾಗರಗಟ್ಟಿಯವರು.

ಮೋನಪ್ಪನನ್ನು ಮಗಳ ಹತ್ತಿರ ಕೂರಿಸಿ ಕಾಳಮ್ಮ ಆಟೋ ಹತ್ತಿ ನೇರ ಪಂಪ್‌ಹೌಸಿಗೆ ಹೋದಳು. ಪಾಳಿಯಲ್ಲಿದ್ದವನು ಮೌಲಾಸಾಬ ನದಾಫ, ಜಗಳಗಂಟಿ ಬಂದ ದಿನದಿಂದ ಅಲ್ಲಿ ಇದ್ದವನು. ಪರದೆ ಹಸಿರಾಗಿತ್ತು. ಸಲೀಸು ಬಂದ ದಿನದಿಂದ ಇವತ್ತಿನವರೆಗಿನ ಪಟ್ಟಿ ತೆಗೆದಳು. ಪಾಯಿಂಟ್ ಐದು, ಪಾಯಿಂಟ್ ಐದು, ಒಂದೆರಡು ದಿನ ಪಾಯಿಂಟ್ ನಾಲ್ಕು, ಮತ್ತೆ ಪಾಯಿಂಟ್ ಐದು. ಹೊಳೆ ಬಣ್ಣ ಬದಲಿಸಿದ ದಿನವೂ ಅಷ್ಟೇ. ಇಷ್ಟು ಅಚ್ಚುಕಟ್ಟಾದ ನೀರನ್ನು ಅವಳು ಜನ್ಮದಲ್ಲಿ ನೋಡಿರಲಿಲ್ಲ.

ಗಾಜಿನ ನಳಿಗೆಯಲ್ಲಿ ನೀರು ಹಿಡಿದು ಔಷಧಿಯ ಹನಿ ಹಾಕು ಎಂದಳು. ಕ್ಲೋರಿನ್ ಇದ್ದರೆ ನೀರು ಹಳದಿಯಾಗಬೇಕು. ಮೌಲಾಸಾಬ ಐದು ಹನಿ ಹಾಕಿದ, ಮತ್ತೆ ಐದು ಹಾಕಿದ, ನಳಿಗೆ ಅಲ್ಲಾಡಿಸಿ ಕಿಟಕಿಗೆ ಹಿಡಿದ. ನೀರು ಹಾಗೇ ಇತ್ತು.

ಇಬ್ಬರೂ ಮೆಟ್ಟಿಲಿಳಿದು ಕೆಳಗಿನ ತೊಟ್ಟಿಗೆ ಓಡಿದರು. ನೀರಿನೊಳಗೆ ಇಳಿಬಿಟ್ಟಿರಬೇಕಾದ ಸೆನ್ಸರ್ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಎಂದೋ ಒಣಗಿ, ಅದರ ತುದಿಯಲ್ಲಿ ಬಿಳಿ ಉಪ್ಪು ಕಟ್ಟಿತ್ತು.

ಮೌಲಾಸಾಬ ಆ ಉಪ್ಪನ್ನು ಉಗುರಿನಿಂದ ಕೆರೆದ. “ತಿಂಗಳದ ತೊಳಿಯೂ ದಿನ ನಾನ ತಗದು ತೊಳದು ಮೊಳಿಗೆ ಹಾಕಿದ್ನಿ ಅಕ್ಕಾರ. ಒದರಿದಾಗ ಇಳಬಿಟ್ರಾತು ಅಂತ. ಇಪ್ಪತ್ತೆರಡು ವರ್ಷ ಹಿಂಗ ಮಾಡೇವಿ. ಈ ಸಲ ಒದರಲೇ ಇಲ್ಲ್ರಿ.”

ಅವನು ಹೇಳಿದ್ದು ಖರೆ. ತೊಳೆದು ಒಣಗಲು ಹಾಕುವುದು, ಚಹಾ ಕುಡಿಯುವುದು, ಸೈರನ್ ಕೇಳಿದ ಮೇಲೆ ಶಪಿಸುತ್ತ ಹೋಗಿ ಇಳಿಬಿಡುವುದು. ಮೂರು ಪಾಳಿಯವರದೂ ಇದೇ ರೂಢಿ. ನೆನಪಿಟ್ಟುಕೊಳ್ಳುವ ಕೆಲಸವನ್ನು ಅವರು ಜಗಳಗಂಟಿಗೆ ಒಪ್ಪಿಸಿ ನಿಶ್ಚಿಂತರಾಗಿದ್ದರು. ಮುಂದಿನ ತಿಂಗಳು ತೊಳೆಯಲು ಬಂದವನು ಮೊಳೆಯ ಮೇಲೆ ಅದನ್ನು ಕಂಡು, ಬೇರೆ ಪಾಳಿಯವರು ಆಗಲೇ ತೊಳೆದಿದ್ದಾರೆಂದು ತಿಳಿದು ಹೊರಟುಹೋಗಿದ್ದ. ಸೆನ್ಸರ್ ಗೋಡೆಯ ಗಾಳಿಯಲ್ಲಿ ನೇತಾಡುತ್ತಿದ್ದರೆ, ಸಲೀಸು ನೀರು ಪಾಯಿಂಟ್ ಐದು ಎಂದು ತುಂಬಿಕೊಂಡು, ಬೇಸಿಗೆಯ ತಿಳಿನೀರಿಗೆ ಹಾಕುವಷ್ಟೇ ಕ್ಲೋರಿನನ್ನು ಮಳೆಗಾಲದ ಕೊಳಕಿಗೂ ಹಾಕುತ್ತ ಕೂತಿತ್ತು.

ಮೌಲಾಸಾಬನನ್ನು ಬೈಯಲು ಕಾಳಮ್ಮನಿಗೆ ಬಾಯಿ ಬರಲಿಲ್ಲ. ತಾನು ಹಾಕಿದ ಸಹಿ ಕಣ್ಣ ಮುಂದೆ ಬಂತು. ಸೆನ್ಸರನ್ನು ತಾನೇ ತೊಟ್ಟಿಗೆ ಇಳಿಬಿಟ್ಟು, ಕ್ಲೋರಿನ್ನಿನ ತಿರುಪನ್ನು ಕೈಯಿಂದಲೇ ತಿರುಗಿಸಿ, ಆಸ್ಪತ್ರೆಗೆ ವಾಪಸಾದಳು.

ಆಗಸ್ಟ್ ಮೂರರಂದು ಮಧುಮತಿಗೆ ಹೆರಿಗೆಯಾಯಿತು. ಗಂಡು ಕೂಸು, ಹೊಟ್ಟೆಯಲ್ಲೇ ತೀರಿಹೋಗಿತ್ತು. ತಾಯಿಯನ್ನು ಉಳಿಸಿಕೊಳ್ಳುವ ಗಡಿಬಿಡಿಯಲ್ಲಿ ಅದನ್ನು ಯಾರೂ ತೂಕಕ್ಕೆ ಇಡಲಿಲ್ಲ. ಮೋನಪ್ಪ ತೊಟ್ಟಿಲಿಗೆಂದು ತಂದಿಟ್ಟ ಹಲಗೆಯಲ್ಲಿ ಒಂದು ಪೆಟ್ಟಿಗೆ ಮಾಡಿದ. ಉಳಿದ ನಾಲ್ವರಲ್ಲೂ ಒಬ್ಬರ ಕೂಸೂ ಉಳಿಯಲಿಲ್ಲ.

ಹದಿನೈದು ದಿನವಾದ ಮೇಲೆ, ಒಂದು ಸೋಮವಾರ, ಮಧುಮತಿಯ ಫೋನಿಗೆ ಸಂದೇಶ ಬಂತು. ಅಭಿನಂದನೆಗಳು, ನಿಮ್ಮ ಮಗುವಿನ ತೂಕ ಮೂರು ಕಿಲೋ ನಾನೂರು ಗ್ರಾಂ, ಬೆಳವಣಿಗೆ ಚೆನ್ನಾಗಿದೆ, ಲಸಿಕೆಯ ದಿನ ಮರೆಯಬೇಡಿ.

ಕಾಳಮ್ಮ ಸಂದೇಶ ಹಿಡಿದು ಆಸ್ಪತ್ರೆಯ ದಾಖಲೆ ಕೋಣೆಗೆ ನುಗ್ಗಿದಳು. ಅಲ್ಲಿನ ಗುಮಾಸ್ತೆ ಶಾಂತಾಬಾಯಿ ಒಳ್ಳೆಯ ಹೆಂಗಸು, ಪರದೆ ತಿರುಗಿಸಿ ತೋರಿಸಿದಳು. ಅದೂ ಸಲೀಸಿನದೇ ಪ್ರೋಗ್ರಾಮ್. ತೂಕ ಬರೆದಿರಲಿಲ್ಲವಲ್ಲ, ಅದು ಸಾಮಾನ್ಯ ತೂಕ ತುಂಬಿಕೊಂಡಿತ್ತು. ತೂಕ ಬಂದ ಮೇಲೆ ಉಸಿರನ್ನೂ ತುಂಬಿಕೊಂಡಿತು. ಉಸಿರಿದ್ದ ಮೇಲೆ ಜನನ, ಜನನದ ಮೇಲೆ ಲಸಿಕೆ, ಲಸಿಕೆಯ ಜೊತೆ ವಾರವಾರದ ಬೆಳವಣಿಗೆ. ತಿದ್ದಿ ಎಂದರೆ ತಿದ್ದಲು ದಾರಿಯಿಲ್ಲ. ಸತ್ತ ದಿನಾಂಕ ಕೇಳುತ್ತದೆ, ಅದು ಹುಟ್ಟಿದ ದಿನಕ್ಕಿಂತ ಮುಂದಿನದೇ ಇರಬೇಕು. ಬೇಕಾದರೆ ಯಾವುದಾದರೂ ಒಂದು ದಿನ ಹಾಕಿ ಮುಗಿಸಿಬಿಡೋಣ ಎಂದು ಶಾಂತಾಬಾಯಿ ಕನಿಕರದಿಂದಲೇ ಹೇಳಿದಳು. ಕಾಳಮ್ಮನ ಮೈಯೆಲ್ಲ ಉರಿದುಹೋಯಿತು. ಹುಟ್ಟುವ ಮೊದಲೇ ಸತ್ತ ಮೊಮ್ಮಗನನ್ನು ಇವರು ಬದುಕಿಸಿ, ಬೆಳೆಸಿ, ಮತ್ತೊಮ್ಮೆ ಸಾಯಿಸಲು ಅನುಕೂಲದ ದಿನ ಕೇಳುತ್ತಿದ್ದಾರೆ.

ಉಳಿದ ನಾಲ್ಕು ಕೂಸುಗಳೂ ಪರದೆಯ ಮೇಲೆ ಬೆಳೆಯುತ್ತಿದ್ದವು.

ನಾಗರಗಟ್ಟಿಯ ಕಾಮಾಲೆಯ ಬಗ್ಗೆ ಅಂಗಡಿ ಸಾಹೇಬರ ಅಧ್ಯಕ್ಷತೆಯಲ್ಲೇ ನಿಗಮ ನಡೆಸಿದ್ದ ವಿಚಾರಣೆಯ ವರದಿಯಲ್ಲಿ ಅದರ ಫಲ ಕಂಡಿತು. ಕರಡು ಅವಳ ಮೇಜಿಗೂ ಬಂತು. ಆ ಅವಧಿಯಲ್ಲಿ ನೀರಿನಿಂದಾದ ಸಾವು: ಸೊನ್ನೆ. ಆಸ್ಪತ್ರೆಯ ದಾಖಲೆಯ ಪ್ರಕಾರ ಐದೂ ಹೆರಿಗೆಗಳು ಸುಸೂತ್ರ. ಸೆನ್ಸರನ್ನು ಮೊಳೆಗೆ ಹಾಕಿದ್ದು ಮೌಲಾಸಾಬ ನದಾಫನ ನಿರ್ಲಕ್ಷ್ಯ, ಅವನ ಅಮಾನತು. ಪ್ರೋಗ್ರಾಮಿನಲ್ಲಿ ದೋಷವಿಲ್ಲ, ಇನ್ನುಳಿದ ಇನ್ನೂರ ಹದಿನಾಲ್ಕು ಪಂಪ್‌ಹೌಸುಗಳಿಗೂ ಸಲೀಸನ್ನು ಹಾಕಬಹುದು. ಸೆಪ್ಟೆಂಬರ್ ಎರಡನೇ ಸೋಮವಾರ ಅಂತಿಮ ಸಭೆ. ಸಂತ್ರಸ್ತರು ಯಾರಾದರೂ ಇದ್ದರೆ ಬಂದು ಹೇಳಬಹುದು ಎಂಬ ಸಾಲೂ ಇತ್ತು. ಯಾರೂ ಇಲ್ಲವೆಂಬ ಧೈರ್ಯದಿಂದ ಬರೆದ ಸಾಲು.

ಸಭೆಗೆ ಬಾ, ನೀನೇ ಹೇಳು ಎಂದು ಕಾಳಮ್ಮ ಮಗಳನ್ನು ಕೇಳಿದಳು. ಮಧುಮತಿ ಒಲ್ಲೆ ಎಂದಳು. ಅವಳು ಸಂದೇಶಗಳನ್ನು ಅಳಿಸಿರಲಿಲ್ಲ ಎಂಬುದು ಕಾಳಮ್ಮನಿಗೆ ಆಗಲೇ ಗೊತ್ತಾದದ್ದು. ಪ್ರತಿ ಸೋಮವಾರ ಕಾದು ಕೂತು ಓದುತ್ತಿದ್ದಳು. ಮೂರು ಕಿಲೋ ಎಂಟುನೂರು, ನಾಲ್ಕು ಕಿಲೋ ನೂರು. ಓದಿ ಫೋನನ್ನು ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದಳು.

“ಎಲ್ಲೋ ಒಂದು ಕಡೆ ಬೆಳಿಯಾಕತ್ತೈತಿ. ಬೆಳೀಲಿ ಬಿಡವ್ವ,” ಎಂದಳು. “ನಿನಗೇನು ತ್ರಾಸ?”

ಕಾಳಮ್ಮನ ಸಿಟ್ಟಿಗೆ ಇಷ್ಟು ದಿನ ಎದುರಿಗೊಬ್ಬರು ಇರುತ್ತಿದ್ದರು. ಈಗ ಎದುರಿಗೆ ಮಗಳಿದ್ದಳು. ಸುಮ್ಮನಿರುವುದು ಸುಲಭವಿತ್ತು. ಸುಮ್ಮನಿದ್ದರೆ ಮಗಳಿಗೆ ವಾರಕ್ಕೊಂದು ಸಂದೇಶ ಉಳಿಯುತ್ತದೆ, ಇನ್ನೂರ ಹದಿನಾಲ್ಕು ಊರಿನ ಬಸುರಿಯರು ತಂಬಿಗೆ ಹಿಡಿದು ನಲ್ಲಿಯ ಕೆಳಗೆ ನಿಲ್ಲುತ್ತಾರೆ. ಅವಳು ಹಾಸಿಗೆಯ ತುದಿಗೆ ಕೂತು, ಇದುವರೆಗೆ ಯಾರಿಗೂ ಹೇಳದ್ದನ್ನು ಹೇಳಿದಳು.

“ಆ ಭಾಷಾ ಬ್ಯಾಡ ಅಂತ ಎರಡು ಹಾಳಿ ಬರದಿದ್ನಿ. ಆಮ್ಯಾಲೆ ಆ ಹಾಳಿ ನಾನ ಹರದು ಸಹಿ ಮಾಡೇನಿ. ಕೂಸು ಹೋಗಿದ್ದರಾಗ ನನ್ನ ಕೈನೂ ಐತಿ.”

ಮಧುಮತಿ ದಿಂಬಿನ ಕೆಳಗೆ ಕೈ ಹಾಕಿ ಫೋನನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ತಾಯಿಯ ಮುಖ ನೋಡದೆ, ಹೊರಗೆ ಹೋಗು ಎಂದಳು. ಕಾಳಮ್ಮ ಹೊರಗೆ ಬಂದಳು. ಒಳಗಿನಿಂದ ಚಿಲಕ ಹಾಕಿದ ಸದ್ದಾಯಿತು. ಮೂರು ದಿನ ತಾಯಿ ಮಗಳ ನಡುವೆ ಮಾತಿಲ್ಲ, ಮುಚ್ಚಿದ ಬಾಗಿಲ ಹಿಂದೆ ಫೋನಿನ ಮಾತಷ್ಟೇ ಕೇಳುತ್ತಿತ್ತು. ತಟ್ಟೆಯನ್ನು ಮೋನಪ್ಪನೇ ಒಳಗೆ ಒಯ್ದು ಕೊಡುತ್ತಿದ್ದ.

ಸೋಮವಾರ ಕಾಳಮ್ಮ ಒಬ್ಬಳೇ ಸಭೆಗೆ ಹೋದಳು. ಸಲೀಸು ಹೇಗೆ ತುಂಬುತ್ತದೆ, ಏಕೆ ಗುರುತಿಡುವುದಿಲ್ಲ, ಆಸ್ಪತ್ರೆಯ ದಾಖಲೆಯೂ ಏಕೆ ಸುಳ್ಳು ಎಂದು ಅರ್ಧ ಗಂಟೆ ಬಿಡಿಸಿ ಬಿಡಿಸಿ ಹೇಳಿದಳು. ಮೌಲಾಸಾಬ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ. ಅಂಗಡಿ ಸಾಹೇಬರು ಎಲ್ಲವನ್ನೂ ಸಮಾಧಾನದಿಂದ ಕೇಳಿದರು. ಕಾಳಮ್ಮನವರ ಮನೆಯಲ್ಲಿ ಆದದ್ದಕ್ಕೆ ತಮಗೂ ದುಃಖವಿದೆ, ಆದರೆ ಸಮಿತಿ ದಾಖಲೆಯನ್ನು ಬಿಟ್ಟು ನಡೆಯುವಂತಿಲ್ಲ, ದಾಖಲೆಯ ಪ್ರಕಾರ ಐದೂ ಮಕ್ಕಳು ಆರೋಗ್ಯವಾಗಿದ್ದಾರೆ, ಅಲ್ಲದೆ ಈ ಭಾಷೆಗೆ ಅವರೇ ಸಮ್ಮತಿಯ ಸಹಿ ಹಾಕಿದ್ದಾರೆ ಎಂದರು. ವರದಿಯನ್ನು ಸಹಿಗಾಗಿ ಮೇಜಿನ ಮೇಲೆ ಮುಂದಕ್ಕೆ ತಳ್ಳಿದರು.

ಆಗ ಬಾಗಿಲು ಸರಿಸಿಕೊಂಡು ಮಧುಮತಿ ಒಳಗೆ ಬಂದಳು. ಅವಳ ಹಿಂದೆ ವಾರ್ಡಿನಲ್ಲಿ ಜೊತೆಗಿದ್ದ ನಾಲ್ವರು. ಮೂರು ದಿನ ಅವಳು ಫೋನಿನಲ್ಲಿ ಯಾರ ಜೊತೆ ಮಾತಾಡುತ್ತಿದ್ದಳು ಎಂದು ಕಾಳಮ್ಮನಿಗೆ ಈಗ ತಿಳಿಯಿತು. ತಾಯಿಯ ಕಡೆ ಅವಳು ತಿರುಗಿಯೂ ನೋಡಲಿಲ್ಲ. ನೇರ ಮೇಜಿನ ಹತ್ತಿರ ಹೋಗಿ ಫೋನನ್ನು ವರದಿಯ ಮೇಲೆ ಇಟ್ಟಳು.

“ಇವತ್ತಿನ ಸಂದೇಶ ಐತ್ರಿ, ಓದ್ರಿ,” ಎಂದಳು.

ಅಂಗಡಿ ಸಾಹೇಬರು ಓದಿದರು. ನಿಮ್ಮ ಮಗುವಿಗೆ ಆರು ವಾರ ತುಂಬಿತು. ಈಗ ಅದು ನಿಮ್ಮ ಮುಖ ನೋಡಿ ನಗಲು ಶುರುಮಾಡುತ್ತದೆ.

“ನಗ್ತಾನಂತ ಬರದೈತಿ. ಎಲ್ಲಾ ಆರಾಮ ಅದಾವು ಅಂತ ನೀವೂ ಬರದೀರಿ,” ಎಂದಳು ಮಧುಮತಿ. “ಎದಿಗೆ ಬಟ್ಟಿ ಬಿಗದು ಕಟ್ಟಿ ಹಾಲು ಬತ್ತಿಸೇನ್ರಿ ನಾನು. ನಿಮ್ಮ ಹಂತ್ಯಾಕ ಅದಾನಲ್ಲ, ತಂದು ಕೊಡ್ರಿ. ಎತ್ತಿಕೊಂಡು ಮನಿಗೆ ಹೊಕ್ಕೀನಿ.”

ಉಳಿದ ನಾಲ್ವರೂ ಒಬ್ಬೊಬ್ಬರಾಗಿ ಬಂದು ತಮ್ಮ ಫೋನುಗಳನ್ನು ಅದೇ ವರದಿಯ ಮೇಲೆ ಇಟ್ಟರು. ಅಂಗಡಿ ಸಾಹೇಬರು ಚಹಾ ತರಿಸಲೆಂದೋ ಏನೋ ಗಂಟೆಯ ಕಡೆ ಕೈ ಚಾಚಿ, ಹಿಂದಕ್ಕೆ ಎಳೆದುಕೊಂಡರು. ಲೆಕ್ಕಾಧಿಕಾರಿ ಸಹಿ ಮಾಡದೆಯೇ ಪೆನ್ನಿಗೆ ಮುಚ್ಚಳ ಹಾಕಿದ. ಮಧುಮತಿ ಕೂಸನ್ನು ಈಸಿಕೊಳ್ಳುವವಳಂತೆ ಎರಡೂ ಕೈ ಮುಂದೆ ಹಿಡಿದು ನಿಂತೇ ಇದ್ದಳು. ಕೈ ಇಳಿಸು ಎಂದು ಕಾಳಮ್ಮ ಹೇಳಲಿಲ್ಲ.